ಬಿಸಿಲಿಗೆ ಹಚ್ಚುವ ಕ್ರೀಮಿನೊಳಗೆ ಏನೇನಿರುತ್ತದೆ, ಅದರಲ್ಲಿ ಯಾವುದು ಎಷ್ಟು ಸುರಕ್ಷಿತ?

ಫೆಬ್ರವರಿ ಮುಗಿಯುತ್ತಿದ್ದಂತೆ ರಾಯಚೂರು, ಬಳ್ಳಾರಿ, ಕೊಪ್ಪಳದ ಮೆಡಿಕಲ್ ಅಂಗಡಿಗಳಲ್ಲಿ ಸನ್‌ಸ್ಕ್ರೀನ್ ಕೇಳುವವರು ಹೆಚ್ಚುತ್ತಾರೆ. ಮೊದಲೆಲ್ಲ ಚರ್ಮದ ಡಾಕ್ಟರು ಚೀಟಿ ಬರೆದುಕೊಟ್ಟರೆ ಮಾತ್ರ ಕೊಳ್ಳುತ್ತಿದ್ದ ವಸ್ತುವನ್ನು ಈಗ ಕಾಲೇಜು ಹುಡುಗಿಯರು, ಸ್ಕೂಟಿಯಲ್ಲಿ ಹಳ್ಳಿ ಶಾಲೆಗೆ ಹೋಗಿಬರುವ ಶಿಕ್ಷಕಿಯರು, ಸಾಲ ವಸೂಲಿಗೆ ಊರೂರು ತಿರುಗುವ ಯುವಕರು ತಾವಾಗಿಯೇ ಕೇಳಿ ಕೊಳ್ಳುತ್ತಿದ್ದಾರೆ. ಕೊಳ್ಳುವ ಮುಂಚೆ ಡಬ್ಬಿಯನ್ನು ತಿರುಗಿಸಿ ಹಿಂಬದಿಯ ಸಣ್ಣಕ್ಷರಗಳನ್ನು ನೋಡಿ, "ಇದರಾಗ ಕೆಮಿಕಲ್ ಅದೇನ್ರಿ? ದಿನಾ ಹಚ್ಚಿದ್ರ ಏನೂ ಆಗಂಗಿಲ್ಲೇನ್ರಿ?" ಎಂದು ಕೇಳುವವರೂ ಇದ್ದಾರೆ. ಕೇಳಲೇಬೇಕಾದ ಪ್ರಶ್ನೆ ಅದು. ಆದರೆ ಅದಕ್ಕೆ ಸಿಗುವ ಉತ್ತರ ಮಾತ್ರ ಸಾಮಾನ್ಯವಾಗಿ ಎರಡೇ ಬಗೆಯದು: ಮಿನರಲ್ ಇದ್ದದ್ದು ಒಳ್ಳೆಯದು, ಕೆಮಿಕಲ್ ಇದ್ದದ್ದು ಕೆಟ್ಟದ್ದು ಎಂಬುದು ಒಂದು, ಕಂಪನಿಯವರು ಪರೀಕ್ಷೆ ಮಾಡಿಯೇ ಮಾರುತ್ತಾರೆ, ಚಿಂತೆ ಬೇಡ ಎಂಬುದು ಇನ್ನೊಂದು. ಎರಡೂ ಅರೆಬೆಂದ ಉತ್ತರಗಳು. ಒಂದು ಪದಾರ್ಥ ಸುರಕ್ಷಿತವೇ ಎಂಬುದು ಅದು ದೇಹವನ್ನು ಯಾವ ದಾರಿಯಿಂದ ಸೇರುತ್ತದೆ, ಎಷ್ಟು ಪ್ರಮಾಣದಲ್ಲಿ ಸೇರುತ್ತದೆ, ಹಚ್ಚಿಕೊಳ್ಳುವವರು ಯಾರು ಎಂಬ ಮೂರು ವಿಷಯಗಳನ್ನು ಅವಲಂಬಿಸಿದೆ. ಈ ಮೂರನ್ನು ಬಿಟ್ಟು ಬರೀ ಹೆಸರನ್ನು ಹಿಡಿದು ಒಳ್ಳೆಯದು ಕೆಟ್ಟದ್ದು ಎಂದು ವಿಂಗಡಿಸಲು ಹೋದರೆ ದಾರಿ ತಪ್ಪುತ್ತದೆ.

ಮೊದಲು ಬಿಸಿಲಿನ ವಿಷಯವನ್ನು ಸ್ವಲ್ಪ ನೋಡೋಣ. ನಮ್ಮ ಮೂರೂ ಜಿಲ್ಲೆಗಳು ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 15ರಿಂದ 16 ಡಿಗ್ರಿ ಅಕ್ಷಾಂಶದಲ್ಲಿವೆ. ಆದ್ದರಿಂದ ವರ್ಷಕ್ಕೆ ಎರಡು ಸಲ, ಮೇ ತಿಂಗಳ ಮೊದಲ ವಾರದಲ್ಲಿ ಮತ್ತು ಆಗಸ್ಟ್ ಎರಡನೆಯ ವಾರದ ಸುಮಾರಿಗೆ, ನಡುಮಧ್ಯಾಹ್ನ ಸೂರ್ಯ ನೆಟ್ಟಗೆ ನೆತ್ತಿಯ ಮೇಲೆ ಬರುತ್ತಾನೆ ಮತ್ತು ನೆಟ್ಟ ಕಂಬಕ್ಕೆ ನೆರಳೇ ಬೀಳುವುದಿಲ್ಲ. ಸೂರ್ಯ ಎಷ್ಟು ಮೇಲಿದ್ದರೆ ಅತಿನೇರಳೆ ಕಿರಣಗಳು ಅಷ್ಟು ತೀಕ್ಷ್ಣವಾಗಿರುತ್ತವೆ. ಸೆಕೆಗೂ ಈ ಕಿರಣಗಳಿಗೂ ನೇರ ಸಂಬಂಧವಿಲ್ಲ. ಆಗಸ್ಟಿನಲ್ಲಿ ಮೋಡ ಸರಿದ ಮಧ್ಯಾಹ್ನ ಮೈಗೆ ತಂಪೆನಿಸಿದರೂ ಕಿರಣದ ಪೆಟ್ಟು ಬೇಸಿಗೆಗಿಂತ ಹೆಚ್ಚು ಕಡಿಮೆಯೇನೂ ಇರುವುದಿಲ್ಲ. ಈ ಕಿರಣಗಳಲ್ಲಿ ಯುವಿಬಿ ಚರ್ಮದ ಮೇಲ್ಪದರವನ್ನು ಸುಡುತ್ತದೆ, ಯುವಿಎ ಇನ್ನೂ ಆಳಕ್ಕೆ ಇಳಿದು ಚರ್ಮವನ್ನು ಕಪ್ಪಾಗಿಸುತ್ತದೆ, ಸುಕ್ಕುಗಟ್ಟಿಸುತ್ತದೆ. ಡಬ್ಬಿಯ ಮೇಲಿನ ಎಸ್‌ಪಿಎಫ್ ಅಂಕಿ ಮುಖ್ಯವಾಗಿ ಯುವಿಬಿಯ ಲೆಕ್ಕ. ಪಿಎ ಎಂದು ಬರೆದು ಮುಂದೆ ಹಾಕಿದ ಕೂಡು ಚಿಹ್ನೆಗಳು ಯುವಿಎ ತಡೆಯ ಲೆಕ್ಕ.

ಕಿರಣ ತಡೆಯುವ ಪದಾರ್ಥಗಳಲ್ಲಿ ಎರಡು ಕುಲಗಳಿವೆ. ಖನಿಜ ಮೂಲದ ಝಿಂಕ್ ಆಕ್ಸೈಡ್ ಮತ್ತು ಟೈಟಾನಿಯಂ ಡೈಆಕ್ಸೈಡ್ ಒಂದು ಕುಲ. ಇಂಗಾಲದ ಸರಪಳಿಗಳಿಂದಾದ ಆಕ್ಸಿಬೆನ್ಝೋನ್, ಅವೊಬೆನ್ಝೋನ್, ಆಕ್ಟಿನೊಕ್ಸೇಟ್, ಆಕ್ಟೊಕ್ರಿಲೀನ್, ಹೋಮೊಸಲೇಟ್ ಮುಂತಾದವು ಇನ್ನೊಂದು ಕುಲ. ಖನಿಜದವು ಕನ್ನಡಿಯ ಹಾಗೆ ಕಿರಣವನ್ನು ತಿರುಗಿಸಿ ಕಳಿಸುತ್ತವೆ, ಕೆಮಿಕಲ್‌ನವು ಹೀರಿಕೊಳ್ಳುತ್ತವೆ ಎಂಬ ವಿವರಣೆ ಎಲ್ಲೆಡೆ ಓಡಾಡುತ್ತಿದೆ. ವಾಸ್ತವದಲ್ಲಿ ಝಿಂಕ್ ಮತ್ತು ಟೈಟಾನಿಯಂ ಕೂಡ ಅತಿನೇರಳೆ ಕಿರಣದ ಬಹುಪಾಲನ್ನು ಹೀರಿಕೊಂಡೇ ತಡೆಯುತ್ತವೆ, ತಿರುಗಿಸುವುದು ಶೇಕಡಾ ಐದರ ಆಸುಪಾಸಿನಷ್ಟೇ. ಝಿಂಕ್ ಆಕ್ಸೈಡ್ ಕೂಡ ರಾಸಾಯನಿಕವೇ ಆಗಿರುವುದರಿಂದ 'ಕೆಮಿಕಲ್ ಇಲ್ಲದ ಸನ್‌ಸ್ಕ್ರೀನ್' ಎಂಬ ಜಾಹೀರಾತಿಗೆ ಅರ್ಥವಿಲ್ಲ. ಎರಡು ಕುಲಗಳ ನಡುವಿನ ನಿಜವಾದ ವ್ಯತ್ಯಾಸ ಬೇರೆ ಕಡೆ ಇದೆ: ಖನಿಜದವು ಕರಗದ ಕಣಗಳಾಗಿ ಚರ್ಮದ ಮೇಲೆಯೇ ಉಳಿಯುತ್ತವೆ, ಇನ್ನೊಂದು ಕುಲದವುಗಳಲ್ಲಿ ಹಲವು ಎಣ್ಣೆಯಲ್ಲಿ ಕರಗುವ ಸಣ್ಣ ಅಣುಗಳಾದ್ದರಿಂದ ಚರ್ಮದೊಳಕ್ಕೆ ಇಳಿಯಬಲ್ಲವು.

ಝಿಂಕ್ ಆಕ್ಸೈಡ್ ನಮಗೆ ಹೊಸದಲ್ಲ. ಬೆವರುಸಾಲೆಗೆ ಹಚ್ಚುವ ಗುಲಾಬಿ ಬಣ್ಣದ ಕ್ಯಾಲಮೈನ್ ಲೋಷನ್ನಿನಲ್ಲಿ ಇರುವುದು ಅದೇ. ಹಸುಗೂಸುಗಳ ತೊಡೆಸಂದಿಯ ಕೆಂಪಿಗೆ ಹಚ್ಚುವ ಬಿಳಿ ಮುಲಾಮಿನಲ್ಲೂ ಅದೇ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ಅಂದರೆ ಎಫ್‌ಡಿಎ, 2019ರಲ್ಲಿ ಅಲ್ಲಿ ಬಳಕೆಗೆ ಅನುಮತಿ ಇದ್ದ 16 ಕಿರಣ ತಡೆ ಪದಾರ್ಥಗಳನ್ನು ಮರುಪರಿಶೀಲಿಸಿ ಪ್ರಕಟಿಸಿದ ಪ್ರಸ್ತಾವದಲ್ಲಿ, ಇರುವ ಮಾಹಿತಿಯ ಆಧಾರದ ಮೇಲೆ ಸುರಕ್ಷಿತ ಮತ್ತು ಪರಿಣಾಮಕಾರಿ ಎಂದು ಒಪ್ಪಬಹುದಾದವು ಝಿಂಕ್ ಆಕ್ಸೈಡ್ ಮತ್ತು ಟೈಟಾನಿಯಂ ಡೈಆಕ್ಸೈಡ್ ಎರಡೇ ಎಂದು ಹೇಳಿತು. ಪಾಬಾ ಮತ್ತು ಟ್ರೋಲಮೈನ್ ಸ್ಯಾಲಿಸಿಲೇಟ್ ಎಂಬೆರಡನ್ನು ಸುರಕ್ಷಿತವಲ್ಲ ಎಂದು ಬದಿಗಿಟ್ಟಿತು. ಉಳಿದ 12ರ ಬಗ್ಗೆ ತೀರ್ಮಾನಕ್ಕೆ ಬರಲು ಇನ್ನಷ್ಟು ಮಾಹಿತಿ ಬೇಕು ಎಂದಿತು. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಮಾಹಿತಿ ಬೇಕು ಎಂದದ್ದನ್ನು ಎಷ್ಟೋ ಜನ ಅಪಾಯಕಾರಿ ಎಂದು ಓದಿಕೊಂಡರು. ಎಫ್‌ಡಿಎ ಹಾಗೆ ಹೇಳಿರಲಿಲ್ಲ. ಜನ ಬಳಕೆ ನಿಲ್ಲಿಸಬೇಕೆಂದೂ ಹೇಳಿರಲಿಲ್ಲ.

ಖನಿಜ ಕುಲದ ಬಗ್ಗೆ ಇರುವ ದೊಡ್ಡ ಸಂಶಯ ನ್ಯಾನೋ ಕಣಗಳದ್ದು. ಹಳೆಯ ಝಿಂಕ್ ಕ್ರೀಮುಗಳು ಮುಖಕ್ಕೆ ಸುಣ್ಣ ಬಳಿದಂತೆ ಕಾಣುತ್ತಿದ್ದುದರಿಂದ ಕಣಗಳನ್ನು ಅತಿ ಸಣ್ಣದಾಗಿ ಪುಡಿಮಾಡುವ ಪದ್ಧತಿ ಬಂತು. ಇಷ್ಟು ಸಣ್ಣ ಕಣಗಳು ಚರ್ಮ ದಾಟಿ ರಕ್ತಕ್ಕೆ ಸೇರುವುದಿಲ್ಲವೇ ಎಂಬ ಪ್ರಶ್ನೆಯನ್ನು ಆಸ್ಟ್ರೇಲಿಯಾದ ಮತ್ತು ಯುರೋಪಿನ ನಿಯಂತ್ರಣ ಸಂಸ್ಥೆಗಳು ಹಲವು ಸಲ ಪರಿಶೀಲಿಸಿವೆ. ಕಣಗಳು ಚರ್ಮದ ಹೊರಗಿನ ಸತ್ತ ಕೋಶಗಳ ಪದರದಲ್ಲಿಯೇ ನಿಲ್ಲುತ್ತವೆ ಎಂಬುದು ಅವರು ಕಂಡುಕೊಂಡ ಸಂಗತಿ. ಝಿಂಕ್ ಅತ್ಯಲ್ಪ ಪ್ರಮಾಣದಲ್ಲಿ ಒಳಗೆ ಹೋದರೂ, ಊಟದಿಂದ ದಿನನಿತ್ಯ ದೇಹ ಪಡೆಯುವ ಝಿಂಕ್‌ನ ಮುಂದೆ ಅದು ಲೆಕ್ಕಕ್ಕೆ ಬರುವಷ್ಟಿಲ್ಲ. ಟೈಟಾನಿಯಂ ಡೈಆಕ್ಸೈಡ್‌ಗೆ ಬೆಳಕು ಬಿದ್ದಾಗ, ಕೋಶಗಳಿಗೆ ಹಾನಿ ಮಾಡಬಲ್ಲ ಕ್ರಿಯಾಶೀಲ ಆಮ್ಲಜನಕವನ್ನು ಹುಟ್ಟಿಸುವ ಗುಣವಿದೆ. ಅದನ್ನು ಅಡಗಿಸಲು ಕಣಗಳಿಗೆ ಸಿಲಿಕಾ ಅಥವಾ ಅಲ್ಯುಮಿನಾದ ತೆಳು ಹೊದಿಕೆ ಕೊಡುತ್ತಾರೆ.

ಆದರೆ ಚರ್ಮದ ಬದಲು ಉಸಿರಿನ ದಾರಿ ಹಿಡಿದಾಗ ಇದೇ ಪದಾರ್ಥದ ಮಾತು ಬದಲಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆ ಟೈಟಾನಿಯಂ ಡೈಆಕ್ಸೈಡ್ ಅನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಾಧ್ಯತೆಯುಳ್ಳ 2ಬಿ ಗುಂಪಿಗೆ ಸೇರಿಸಿದೆ. ಇದಕ್ಕೆ ಆಧಾರ, ಇಲಿಗಳು ಅದರ ದೂಳನ್ನು ಅಪಾರ ಪ್ರಮಾಣದಲ್ಲಿ ಉಸಿರಾಡಿದಾಗ ಶ್ವಾಸಕೋಶದಲ್ಲಿ ಕಂಡ ಗಡ್ಡೆಗಳು. ಕ್ರೀಮಿನೊಳಗೆ ಅಂಟಿಕೊಂಡ ಕಣ ಉಸಿರಿನೊಳಗೆ ಹೋಗುವುದಿಲ್ಲ. ಸ್ಪ್ರೇ ಡಬ್ಬಿಯಿಂದ ಚಿಮ್ಮಿದ್ದು, ಬ್ರಷ್ಷಿನಿಂದ ಉದುರಿಸಿಕೊಳ್ಳುವ ಪುಡಿ ರೂಪದ್ದು ಹೋಗಬಹುದು. ಆದ್ದರಿಂದಲೇ ಖನಿಜದ ಸನ್‌ಸ್ಕ್ರೀನ್ ಸುರಕ್ಷಿತ ಎಂದು ಹೇಳುವಾಗ ಕ್ರೀಮ್ ಅಥವಾ ಲೋಷನ್ ರೂಪದ್ದು ಎಂದು ಸೇರಿಸಿ ಹೇಳಬೇಕು. ಸಂಡೂರಿನ ಗಣಿ ರಸ್ತೆಯಲ್ಲಿ, ಶಕ್ತಿನಗರದ ಹಾರುಬೂದಿಯ ನಡುವೆ ದಿನವಿಡೀ ದೂಳು ಕುಡಿಯುವವರ ಶ್ವಾಸಕೋಶಕ್ಕೆ ಇನ್ನೊಂದು ಪುಡಿಯ ಅಗತ್ಯ ಖಂಡಿತ ಇಲ್ಲ.

ಈಗ ಇನ್ನೊಂದು ಕುಲಕ್ಕೆ ಬರೋಣ. ಭಯಕ್ಕೆ ಮೂಲವಾದದ್ದು 2019 ಮತ್ತು 2020ರಲ್ಲಿ ಎಫ್‌ಡಿಎ ವಿಜ್ಞಾನಿಗಳು ನಡೆಸಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದ ಎರಡು ಅಧ್ಯಯನಗಳು. ಮೊದಲನೆಯದರಲ್ಲಿ 24 ಜನ ಆರೋಗ್ಯವಂತರಿಗೆ, ಎರಡನೆಯದರಲ್ಲಿ 48 ಜನರಿಗೆ ಸನ್‌ಸ್ಕ್ರೀನ್ ಹಚ್ಚಿ ಅವರ ರಕ್ತವನ್ನು ಪರೀಕ್ಷಿಸಲಾಯಿತು. ಪರೀಕ್ಷಿಸಿದ ಅಷ್ಟೂ ಪದಾರ್ಥಗಳು ರಕ್ತದಲ್ಲಿ ಮಿಲಿಲೀಟರಿಗೆ 0.5 ನ್ಯಾನೋಗ್ರಾಂ ಎಂಬ ಗೆರೆಯನ್ನು ದಾಟಿದ್ದವು. ಎರಡನೆಯ ಅಧ್ಯಯನದಲ್ಲಿ ಒಂದೇ ಸಲ ಹಚ್ಚಿದಾಗಲೂ ಗೆರೆ ದಾಟಿದ್ದು ಕಂಡಿತು. ಆಕ್ಸಿಬೆನ್ಝೋನ್ ಮತ್ತು ಹೋಮೊಸಲೇಟ್ 21ನೆಯ ದಿನವೂ ಅರ್ಧಕ್ಕಿಂತ ಹೆಚ್ಚು ಜನರ ರಕ್ತದಲ್ಲಿ ಆ ಗೆರೆಯ ಮೇಲೆಯೇ ಇದ್ದವು.

0.5 ನ್ಯಾನೋಗ್ರಾಂ ಎಂಬ ಆ ಗೆರೆ ಏನು ಎಂಬುದನ್ನು ಸರಿಯಾಗಿ ತಿಳಿದುಕೊಂಡರೆ ಅರ್ಧ ಗೊಂದಲ ಪರಿಹಾರವಾಗುತ್ತದೆ. ಅದು ವಿಷದ ಗೆರೆಯಲ್ಲ. ಒಂದು ಪದಾರ್ಥ ರಕ್ತದಲ್ಲಿ ಅದಕ್ಕಿಂತ ಕಡಿಮೆ ಇದ್ದರೆ ಕ್ಯಾನ್ಸರ್ ಮತ್ತಿತರ ದೀರ್ಘಾವಧಿ ಪರೀಕ್ಷೆಗಳಲ್ಲಿ ಕೆಲವನ್ನು ಕೈಬಿಡಬಹುದು, ಹೆಚ್ಚಿದ್ದರೆ ಆ ಪರೀಕ್ಷೆಗಳನ್ನು ಮಾಡಿ ತೋರಿಸಬೇಕು ಎಂದು ನಿಯಂತ್ರಣ ಸಂಸ್ಥೆ ಹಾಕಿಕೊಂಡ ಗೆರೆ ಅದು. ಅಂದರೆ ಅದನ್ನು ದಾಟಿದ ಪದಾರ್ಥದ ಬಗ್ಗೆ ಹೇಳಬಹುದಾದದ್ದು 'ಪರೀಕ್ಷಿಸಿ ನೋಡಿ' ಎಂಬಷ್ಟೇ. ರಕ್ತಕ್ಕೆ ಸೇರುತ್ತದೆ ಎನ್ನುವುದೂ ಹಾನಿ ಮಾಡುತ್ತದೆ ಎನ್ನುವುದೂ ಬೇರೆ ಬೇರೆ ಮಾತು, ಮೊದಲನೆಯದು ಗೊತ್ತಾದ ಮಾತ್ರಕ್ಕೆ ಎರಡನೆಯದು ಸಿದ್ಧವಾಗುವುದಿಲ್ಲ. ಹಾಗೆಂದು ಮೊದಲನೆಯದನ್ನು ತಳ್ಳಿಹಾಕುವುದೂ ಸರಿಯಲ್ಲ. ದಶಕಗಳಿಂದ ಕೋಟ್ಯಂತರ ಜನ ಹಚ್ಚಿಕೊಂಡ ಪದಾರ್ಥಗಳಿಗೆ ಈ ಪರೀಕ್ಷೆಗಳನ್ನು ಇಷ್ಟು ತಡವಾಗಿ ಕೇಳಿದ್ದು ನನಗಂತೂ ಸಮಾಧಾನದ ವಿಷಯವಾಗಿ ಕಾಣುವುದಿಲ್ಲ.

ಆ ಅಧ್ಯಯನಗಳ ಒಳಗೆ ಇಳಿದರೆ ಎರಡು ಸಂಗತಿ ಕಾಣುತ್ತವೆ, ಸುದ್ದಿಗಳಲ್ಲಿ ಅವು ಮುಚ್ಚಿಹೋದವು. ಒಂದು, ಪದಾರ್ಥಗಳ ನಡುವಿನ ಅಜಗಜಾಂತರ. ಮೊದಲನೆಯ ಅಧ್ಯಯನದಲ್ಲಿ ಅವೊಬೆನ್ಝೋನ್ ರಕ್ತದಲ್ಲಿ ಮಿಲಿಲೀಟರಿಗೆ ಸರಾಸರಿ 2ರಿಂದ 4 ನ್ಯಾನೋಗ್ರಾಂ ತಲುಪಿದರೆ, ಆಕ್ಸಿಬೆನ್ಝೋನ್ 170ರಿಂದ 210ರವರೆಗೆ ಹೋಗಿತ್ತು. ಎರಡೂ ಗೆರೆ ದಾಟಿದವು ಎಂದು ಒಂದೇ ವಾಕ್ಯದಲ್ಲಿ ಹೇಳಿದರೆ ಈ ಸುಮಾರು ಐವತ್ತು ಪಟ್ಟಿನ ವ್ಯತ್ಯಾಸ ಕಣ್ಣಿಗೆ ಬೀಳುವುದೇ ಇಲ್ಲ. ಇನ್ನೊಂದು, ಹಚ್ಚಿದ ಪ್ರಮಾಣ. ಆ ಜನರಿಗೆ ಮೈಯ ಮುಕ್ಕಾಲು ಭಾಗಕ್ಕೆ, ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂನಂತೆ, ದಿನಕ್ಕೆ ನಾಲ್ಕು ಸಲ ಹಚ್ಚಲಾಗಿತ್ತು. ವಯಸ್ಕರ ಮೈ ಸುಮಾರು 1.7 ಚದರ ಮೀಟರ್ ಎಂದಿಟ್ಟುಕೊಂಡರೆ ಒಂದು ಸಲಕ್ಕೆ 25 ಗ್ರಾಂ, ದಿನಕ್ಕೆ 100 ಗ್ರಾಂ ಆಯಿತು. ನಮ್ಮ ಅಂಗಡಿಗಳಲ್ಲಿ ಸಿಗುವ 50 ಗ್ರಾಂ ಟ್ಯೂಬು ಎರಡು ಒಂದೇ ದಿನಕ್ಕೆ ಖಾಲಿ! ಸಮುದ್ರ ತೀರದಲ್ಲಿ ಚಡ್ಡಿಯಲ್ಲಿ ಮಲಗುವವರ ಲೆಕ್ಕ ಅದು. ಸಿಂಧನೂರಿನಲ್ಲಿ ಚೂಡಿದಾರ ತೊಟ್ಟು, ದುಪಟ್ಟಾ ಸುತ್ತಿಕೊಂಡು ಸ್ಕೂಟಿ ಹತ್ತುವವರು ಮುಖ ಮತ್ತು ಕುತ್ತಿಗೆಗೆ ಸರಿಯಾಗಿ ಹಚ್ಚಿದರೂ ಒಂದೂವರೆ ಗ್ರಾಂ ಮೀರುವುದಿಲ್ಲ. ದೇಹದ ಮೇಲೆ ಬೀಳುವ ಹೊರೆ ಹತ್ತಿರ ಹತ್ತಿರ ಎಪ್ಪತ್ತು ಪಟ್ಟು ಕಡಿಮೆಯಾಯಿತು.

ಇಷ್ಟಾದ ಮೇಲೂ ಆಕ್ಸಿಬೆನ್ಝೋನ್ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಬೇರೆ ಆಯ್ಕೆ ಇರುವಾಗ ಅದನ್ನು ಕೊಳ್ಳುವ ಅಗತ್ಯವಿಲ್ಲ. ಅದರ ಅಣು ಸಣ್ಣದು, ತೂಕ 228 ಡಾಲ್ಟನ್ ಮಾತ್ರ, ಹಾಗಾಗಿ ಚರ್ಮದಲ್ಲಿ ಸುಲಭವಾಗಿ ಇಳಿಯುತ್ತದೆ. 2003-04ರಲ್ಲಿ ಅಮೆರಿಕದಲ್ಲಿ ನಡೆದ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯಲ್ಲಿ ಸುಮಾರು ಶೇಕಡಾ 97ರಷ್ಟು ಜನರ ಮೂತ್ರದಲ್ಲಿ ಅದರ ಕುರುಹು ಸಿಕ್ಕಿತ್ತು. ತಾಯಿಯ ಹಾಲಿನಲ್ಲಿಯೂ ಕಂಡುಬಂದಿದೆ. ಪ್ರಾಣಿಗಳಿಗೆ ಬಾಯಿಯ ಮೂಲಕ ಬಹು ದೊಡ್ಡ ಪ್ರಮಾಣದಲ್ಲಿ ಕೊಟ್ಟಾಗ ಹಾರ್ಮೋನಿನಂತೆ ವರ್ತಿಸಿದ್ದು ದಾಖಲಾಗಿದೆ. ಮನುಷ್ಯರಲ್ಲಿ ಅಂಥ ಹಾನಿ ಸಾಬೀತಾಗಿಲ್ಲ. ಯುರೋಪಿನ ಒಕ್ಕೂಟ 2022ರ ನಿಯಮದಲ್ಲಿ ಮೈಗೆ ಹಚ್ಚುವ ಉತ್ಪನ್ನಗಳಲ್ಲಿ ಇದನ್ನು ಶೇಕಡಾ 2.2ಕ್ಕೆ ಇಳಿಸಿತು, ಮುಖ, ಕೈ ಮತ್ತು ತುಟಿಗೆ ಹಚ್ಚುವ ಸ್ಪ್ರೇ ಅಲ್ಲದ ಉತ್ಪನ್ನಗಳಲ್ಲಿ ಶೇಕಡಾ 6ರವರೆಗೆ ಬಿಟ್ಟಿತು. ಹಚ್ಚುವ ಜಾಗ ದೊಡ್ಡದಾದಷ್ಟೂ ಪ್ರಮಾಣ ಕಡಿಮೆ ಇರಬೇಕು ಎಂಬ ತರ್ಕ ಅದರ ಹಿಂದೆ ಇದೆ. ಇದಕ್ಕಿಂತ ಪ್ರತ್ಯಕ್ಷವಾದ ತೊಂದರೆ ಅಲರ್ಜಿಯದು. ಹಚ್ಚಿದಾಗ ಸುಮ್ಮನಿದ್ದು, ಬಿಸಿಲು ಬಿದ್ದ ಮೇಲೆ ಕೆರೆತ, ಕೆಂಪು, ಗುಳ್ಳೆ ಎಬ್ಬಿಸುವ ಬೆಳಕಿನ ಅಲರ್ಜಿಗೆ ಕಿರಣ ತಡೆ ಪದಾರ್ಥಗಳಲ್ಲಿ ಮುಖ್ಯ ಕಾರಣಗಳಲ್ಲಿ ಇದೂ ಒಂದು. ಅಮೆರಿಕದ ಸಂಪರ್ಕ ಚರ್ಮರೋಗ ತಜ್ಞರ ಸಂಘ 2014ರಲ್ಲಿ ಆಕ್ಸಿಬೆನ್ಝೋನ್ ಸೇರಿರುವ ಬೆನ್ಝೋಫಿನೋನ್ ಗುಂಪನ್ನೇ ವರ್ಷದ ಅಲರ್ಜಿಕಾರಕವೆಂದು ಹೆಸರಿಸಿತ್ತು.

ಹೋಮೊಸಲೇಟ್ ವಿಷಯದಲ್ಲಿ ದೇಶಗಳ ನಡುವೆ ಎಷ್ಟು ಭಿನ್ನಾಭಿಪ್ರಾಯವಿದೆ ಎಂಬುದಕ್ಕೆ ಎರಡು ಅಂಕಿ ಸಾಕು: ಅಮೆರಿಕದಲ್ಲಿ ಶೇಕಡಾ 15ರವರೆಗೆ ಸೇರಿಸಬಹುದು, ಯುರೋಪಿನಲ್ಲಿ ಈಗ ಶೇಕಡಾ 7.34, ಅದೂ ಮುಖಕ್ಕೆ ಹಚ್ಚುವ ಉತ್ಪನ್ನಗಳಲ್ಲಿ ಮಾತ್ರ. ಆಕ್ಟಿನೊಕ್ಸೇಟ್ ಮೇಲೂ ಹಾರ್ಮೋನಿನ ಸಂಶಯ ಇದೆ, ಹೆಚ್ಚಾಗಿ ಪ್ರಾಣಿಗಳ ಅಧ್ಯಯನದಿಂದ ಬಂದದ್ದು. ಅದಕ್ಕೆ ಇನ್ನೊಂದು ದೋಷವಿದೆ. ಯುವಿಎ ತಡೆಯುವ ಅವೊಬೆನ್ಝೋನ್ ಬಿಸಿಲಿನಲ್ಲಿ ತಾನೇ ಒಡೆಯುವ ಸ್ವಭಾವದ್ದು; ಜೊತೆಯಲ್ಲಿ ಆಕ್ಟಿನೊಕ್ಸೇಟ್ ಇದ್ದರೆ ಇನ್ನೂ ಬೇಗ ಒಡೆಯುತ್ತದೆ. ಇವೆರಡನ್ನೂ ಸೇರಿಸಿ ಮಾಡಿದ ಅಗ್ಗದ ಕ್ರೀಮು ಬೆಳಗ್ಗೆ ಹಚ್ಚಿದಾಗ ಇದ್ದಷ್ಟು ಕಾವಲನ್ನು ಮಧ್ಯಾಹ್ನಕ್ಕೆ ಕೊಡಲಾರದು. ಅವೊಬೆನ್ಝೋನ್ ರಕ್ತಕ್ಕೆ ಸೇರುವುದು ಕಡಿಮೆ, ಅಲರ್ಜಿ ಅಪರೂಪ; ಅದರ ಕೊರತೆ ಇರುವುದು ಬಾಳಿಕೆಯಲ್ಲಿ.

ಅವೊಬೆನ್ಝೋನ್ ಅನ್ನು ಒಡೆಯದಂತೆ ಹಿಡಿದಿಡಲು ಬಳಸುವ ಆಕ್ಟೊಕ್ರಿಲೀನ್ ಬಗ್ಗೆ ನಮ್ಮ ಭಾಗದವರು ಸ್ವಲ್ಪ ಹೆಚ್ಚು ತಿಳಿದಿರಬೇಕು. ಯುರೋಪಿನ ನಿಯಮ ಇದನ್ನು ಕ್ರೀಮುಗಳಲ್ಲಿ ಶೇಕಡಾ 10ರವರೆಗೆ ಒಪ್ಪಿದೆ. ಆದರೆ ಈ ಪದಾರ್ಥ ಡಬ್ಬಿಯಲ್ಲಿ ಕುಳಿತಂತೆ ನಿಧಾನವಾಗಿ ಬೆನ್ಝೋಫಿನೋನ್ ಆಗಿ ಒಡೆಯುತ್ತದೆ ಎಂಬುದನ್ನು 2021ರಲ್ಲಿ ಪ್ರಕಟವಾದ ಅಧ್ಯಯನವೊಂದು, ಅಂಗಡಿಯಲ್ಲಿ ಮಾರುವ ಸನ್‌ಸ್ಕ್ರೀನುಗಳನ್ನು ಕೃತಕವಾಗಿ ಹಳತಾಗಿಸಿ ಪರೀಕ್ಷಿಸಿ ತೋರಿಸಿತು. ಬೆನ್ಝೋಫಿನೋನ್ ಕೂಡ 2ಬಿ ಗುಂಪಿನಲ್ಲಿರುವ ಪದಾರ್ಥ. ಹಳತಾಗುವ ಕ್ರಿಯೆಗೆ ಬಿಸಿ ವೇಗ ಕೊಡುತ್ತದೆ. ಟ್ಯೂಬಿನ ಮೇಲೆ 30 ಡಿಗ್ರಿಗಿಂತ ಕಡಿಮೆ ಉಷ್ಣದಲ್ಲಿಡಿ ಎಂದು ಬರೆದಿರುತ್ತದೆ; ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರಿನ ನೆರಳಿನಲ್ಲೇ 40 ಡಿಗ್ರಿ ದಾಟುತ್ತದೆ, ಬಿಸಿಲಿಗೆ ನಿಲ್ಲಿಸಿದ ಸ್ಕೂಟಿಯ ಡಿಕ್ಕಿಯೊಳಗೆ ಇನ್ನೂ ಹೆಚ್ಚು. ಅಲ್ಲಿ ಒಂದು ಬೇಸಿಗೆ ಕಳೆದ ಟ್ಯೂಬನ್ನು ಹಿಚುಕಿದರೆ ಮೊದಲು ತಿಳಿ ಎಣ್ಣೆ ಸೋರಿ, ಆಮೇಲೆ ಗಟ್ಟಿ ಕ್ರೀಮು ಬರುತ್ತದೆ. ಹಾಗೆ ಬೇರ್ಪಟ್ಟ ಕ್ರೀಮು ಚರ್ಮದ ಮೇಲೆ ಸಮನಾಗಿ ಹರಡುವುದಿಲ್ಲ, ಕಿರಣವನ್ನೂ ಸರಿಯಾಗಿ ತಡೆಯುವುದಿಲ್ಲ. ಕಳೆದ ವರ್ಷ ಉಳಿದದ್ದನ್ನು ಈ ವರ್ಷ ಹಚ್ಚುವುದನ್ನು ಬಿಡಬೇಕು. ಕೊಳ್ಳುವಾಗಲೂ ಅಂಗಡಿಯ ಮುಂಭಾಗದಲ್ಲಿ ಬಿಸಿಲು ಬೀಳುವ ಗಾಜಿನ ಕಪಾಟಿನಲ್ಲಿಟ್ಟದ್ದನ್ನು ಬಿಟ್ಟು ಒಳಗಿನದನ್ನು ಕೇಳಿ ಪಡೆಯಬಹುದು, ತಯಾರಾದ ತಿಂಗಳನ್ನು ನೋಡಬಹುದು.

ಆಕ್ಟೊಕ್ರಿಲೀನ್ ಜೊತೆ ಇನ್ನೊಂದು ಗಂಟು ಇದೆ. ಮೊಣಕಾಲು, ಸೊಂಟದ ನೋವಿಗೆ ಹಚ್ಚುವ ಜೆಲ್‌ಗಳಲ್ಲಿ ಕೀಟೊಪ್ರೊಫೆನ್ ಎಂಬ ಔಷಧ ಇರುವ ಬಗೆಯವೂ ಇವೆ. ಅದನ್ನು ಹಚ್ಚಿಕೊಂಡು ಬಿಸಿಲಿಗೆ ಹೋಗಿ ಒಮ್ಮೆ ಬೆಳಕಿನ ಅಲರ್ಜಿ ಆದವರಿಗೆ, ಮುಂದೆ ಆಕ್ಟೊಕ್ರಿಲೀನ್ ಇರುವ ಸನ್‌ಸ್ಕ್ರೀನ್ ಹಚ್ಚಿದಾಗಲೂ ಅದೇ ಅಲರ್ಜಿ ಮರುಕಳಿಸಬಹುದು. ಯುರೋಪಿನ ಔಷಧ ಸಂಸ್ಥೆ 2010ರಲ್ಲಿಯೇ ಇದನ್ನು ಪರಿಶೀಲಿಸಿ ಎಚ್ಚರಿಕೆ ಕೊಟ್ಟಿತ್ತು. ದಿನವಿಡೀ ಬಗ್ಗಿ ನಾಟಿ ಮಾಡುವ, ಹತ್ತಿ ಬಿಡಿಸುವ ಜನರಿರುವ ನಮ್ಮ ಭಾಗದಲ್ಲಿ ನೋವಿನ ಜೆಲ್ ಇಲ್ಲದ ಮನೆ ಕಡಿಮೆ. ಅಂಥವರಿಗೆ ಝಿಂಕ್ ಆಕ್ಸೈಡ್ ಇರುವುದನ್ನೇ ಕೊಡುವುದು ಒಳ್ಳೆಯದು.

ಯುರೋಪಿನಲ್ಲಿ ಮತ್ತು ಏಷ್ಯಾದಲ್ಲಿ ಎರಡು ದಶಕಗಳಿಂದ ಬಳಕೆಯಲ್ಲಿರುವ ಬೆಮೊಟ್ರಿಝಿನಾಲ್, ಬೈಸಾಕ್ಟ್ರಿಝೋಲ್ ಎಂಬ ಹೊಸ ತಲೆಮಾರಿನ ಪದಾರ್ಥಗಳು ಈ ಇಡೀ ಚರ್ಚೆಯನ್ನು ಬೇರೆ ಕಡೆಯಿಂದ ಬಿಡಿಸುತ್ತವೆ. ಚರ್ಮವನ್ನು ದಾಟಲು ಅಣುವಿನ ತೂಕ ಸುಮಾರು 500 ಡಾಲ್ಟನ್‌ಗಿಂತ ಕಡಿಮೆ ಇರಬೇಕೆಂಬುದು ಔಷಧ ಶಾಸ್ತ್ರದಲ್ಲಿ ಬಳಕೆಯಲ್ಲಿರುವ ಅಂದಾಜು. ಇವೆರಡೂ 600 ದಾಟಿದ ದೊಡ್ಡ ಅಣುಗಳು, ಆದ್ದರಿಂದ ಒಳಗೆ ಇಳಿಯುವುದು ಬಹಳ ಕಡಿಮೆ. ಬಿಸಿಲಿನಲ್ಲಿ ಒಡೆಯುವುದಿಲ್ಲ, ಯುವಿಎ ಮತ್ತು ಯುವಿಬಿ ಎರಡನ್ನೂ ತಡೆಯುತ್ತವೆ. 'ಕೆಮಿಕಲ್' ಎಂಬ ಒಂದೇ ಕಾರಣಕ್ಕೆ ಇವನ್ನು ಆಕ್ಸಿಬೆನ್ಝೋನ್ ಜೊತೆ ಒಂದೇ ತಕ್ಕಡಿಗೆ ಹಾಕುವುದು ತಪ್ಪು. ಬೆಲೆ ಮಾತ್ರ ಸ್ವಲ್ಪ ಹೆಚ್ಚು.

ಹಳೆಯ ಪದಾರ್ಥವಾದ ಪಾಬಾ, ಅಲರ್ಜಿ ತರುತ್ತದೆಂಬ ಕಾರಣಕ್ಕೆ ಮೂಲೆಗೆ ಸರಿದಿದೆ. ಹವಾಯಿ ರಾಜ್ಯವು ಆಕ್ಸಿಬೆನ್ಝೋನ್ ಮತ್ತು ಆಕ್ಟಿನೊಕ್ಸೇಟ್ ಇರುವ ಸನ್‌ಸ್ಕ್ರೀನುಗಳ ಮಾರಾಟವನ್ನು 2021ರಿಂದ ನಿಷೇಧಿಸಿದ್ದು ಹವಳದ ದಿಬ್ಬಗಳ ರಕ್ಷಣೆಗಾಗಿಯೇ ಹೊರತು ಮನುಷ್ಯರ ಆರೋಗ್ಯದ ಕಾರಣಕ್ಕಲ್ಲ. ಆ ಸುದ್ದಿಯನ್ನು ಚರ್ಮಕ್ಕೆ ಅಪಾಯ ಎಂದು ಹಂಚಿಕೊಳ್ಳುವುದು ಸರಿಯಲ್ಲ. 2021ರಲ್ಲಿ ಅಮೆರಿಕದಲ್ಲಿ ಕೆಲವು ಸ್ಪ್ರೇ ಸನ್‌ಸ್ಕ್ರೀನುಗಳಲ್ಲಿ ಬೆನ್ಝೀನ್ ಸಿಕ್ಕಿ ಅವನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆದರು. ಬೆನ್ಝೀನ್ ಕ್ಯಾನ್ಸರ್ ತರುವುದು ನಿಜ, ಆದರೆ ಅದು ಯಾವ ಸನ್‌ಸ್ಕ್ರೀನಿನ ಪದಾರ್ಥವೂ ಅಲ್ಲ, ತಯಾರಿಕೆಯಲ್ಲಿ ಸೇರಿಕೊಂಡ ಕಲ್ಮಶ.

ಭಾರತದಲ್ಲಿ ಸನ್‌ಸ್ಕ್ರೀನು ಔಷಧವಲ್ಲ, ಪ್ರಸಾಧನ ಸಾಮಗ್ರಿ; 2020ರ ಕಾಸ್ಮೆಟಿಕ್ಸ್ ನಿಯಮಗಳ ಅಡಿಯಲ್ಲಿ ಬರುತ್ತದೆ. ಡಬ್ಬಿಯ ಮೇಲೆ ತಯಾರಕರ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಬಳಕೆಯ ಅವಧಿ, ಪದಾರ್ಥಗಳ ಪಟ್ಟಿ ಇರಬೇಕು. ಪಟ್ಟಿ ಓದುವವರಿಗೆ ಒಂದು ತೊಡಕು ಎದುರಾಗುತ್ತದೆ, ಏಕೆಂದರೆ ಒಂದೇ ಪದಾರ್ಥಕ್ಕೆ ಎರಡೆರಡು ಹೆಸರು. ಬೆನ್ಝೋಫಿನೋನ್-3 ಎಂದಿದ್ದರೆ ಅದು ಆಕ್ಸಿಬೆನ್ಝೋನ್. ಎಥೈಲ್‌ಹೆಕ್ಸೈಲ್ ಮೆಥಾಕ್ಸಿಸಿನ್ನಮೇಟ್ ಎಂದರೆ ಆಕ್ಟಿನೊಕ್ಸೇಟ್. ಬ್ಯುಟೈಲ್ ಮೆಥಾಕ್ಸಿಡೈಬೆನ್ಝಾಯ್ಲ್‌ಮೀಥೇನ್ ಎಂಬ ಉದ್ದನೆಯದು ಅವೊಬೆನ್ಝೋನ್. ಬಿಸ್-ಎಥೈಲ್‌ಹೆಕ್ಸೈಲಾಕ್ಸಿಫೀನಾಲ್ ಎಂದು ಶುರುವಾಗಿ ಟ್ರಯಝೀನ್ ಎಂದು ಮುಗಿಯುವುದು ಬೆಮೊಟ್ರಿಝಿನಾಲ್. ಝಿಂಕ್ ಮತ್ತು ಟೈಟಾನಿಯಂಗೆ ಈ ತೊಂದರೆ ಇಲ್ಲ. ಪಟ್ಟಿಯ ಕೊನೆಯಲ್ಲಿ ಬರುವ ಸುಗಂಧ ಮತ್ತು ಕೆಡದಂತೆ ಸೇರಿಸುವ ಪದಾರ್ಥಗಳನ್ನು ಯಾರೂ ಗಮನಿಸುವುದಿಲ್ಲ, ಆದರೆ ಸನ್‌ಸ್ಕ್ರೀನ್ ಹಚ್ಚಿ ಮುಖ ಉರಿಯಿತು ಎನ್ನುವವರಲ್ಲಿ ಎಷ್ಟೋ ಜನರಿಗೆ ಉರಿ ತಂದದ್ದು ಅವೇ. ಮುಖದ ಚರ್ಮ ಸೂಕ್ಷ್ಮವಾಗಿದ್ದವರು ಪರಿಮಳ ಇಲ್ಲದ್ದನ್ನೇ ಆರಿಸಬೇಕು.

ಎಸ್‌ಪಿಎಫ್ ಅಂಕಿ ಹೆಚ್ಚಿದಷ್ಟೂ ಒಳ್ಳೆಯದು ಎಂಬ ನಂಬಿಕೆಗೂ ಸುರಕ್ಷತೆಗೂ ಸಂಬಂಧವಿದೆ. 30 ಇದ್ದದ್ದು ಯುವಿಬಿಯ ಸುಮಾರು ಶೇಕಡಾ 97ನ್ನು ತಡೆದರೆ 50 ಇದ್ದದ್ದು ಶೇಕಡಾ 98ನ್ನು ತಡೆಯುತ್ತದೆ. ಆ ಅಂಕಿಯನ್ನು ಏರಿಸಲು ಕ್ರೀಮಿನಲ್ಲಿ ಹೆಚ್ಚು ಪದಾರ್ಥ ತುಂಬಬೇಕಾಗುತ್ತದೆ. ಆಸ್ಟ್ರೇಲಿಯಾದ ನಂಬೂರ್ ಎಂಬಲ್ಲಿ 1992ರಿಂದ 1996ರವರೆಗೆ 1,621 ಜನರ ಮೇಲೆ ನಡೆದ ಪ್ರಯೋಗದಲ್ಲಿ ನಿತ್ಯ ಸನ್‌ಸ್ಕ್ರೀನ್ ಹಚ್ಚಿದವರಲ್ಲಿ ಒಂದು ಬಗೆಯ ಚರ್ಮದ ಕ್ಯಾನ್ಸರ್ ಸುಮಾರು ಶೇಕಡಾ 40ರಷ್ಟು ಕಡಿಮೆಯಾಗಿತ್ತು. ಅವರು ಬಿಳಿ ಚರ್ಮದವರು. ನಮ್ಮ ಕಂದು ಚರ್ಮಕ್ಕೆ ಮೆಲನಿನ್‌ನ ಕಾವಲು ಹುಟ್ಟಿನಿಂದಲೇ ಇದೆ, ಚರ್ಮದ ಕ್ಯಾನ್ಸರ್ ನಮ್ಮಲ್ಲಿ ಅಪರೂಪ. ನಮ್ಮನ್ನು ಕಾಡುವುದು ಬಂಗು, ಕಪ್ಪು ಕಲೆ ಮತ್ತು ಬಿಸಿಲಿನ ಅಲರ್ಜಿ. ಹೀಗಿರುವಾಗ ಎಸ್‌ಪಿಎಫ್ 30, ಪಿಎ ಮುಂದೆ ಮೂರು ಕೂಡು ಚಿಹ್ನೆ ಇರುವ ಕ್ರೀಮನ್ನು ಸಾಕಷ್ಟು ದಪ್ಪವಾಗಿ ಹಚ್ಚುವುದು, 100 ಎಂದು ಬರೆದದ್ದನ್ನು ತೆಳುವಾಗಿ ಸವರಿಕೊಳ್ಳುವುದಕ್ಕಿಂತ ಉತ್ತಮ.

ಬಂಗಿನ ವಿಷಯದಲ್ಲಿ ಇನ್ನೊಂದು ಪದಾರ್ಥವನ್ನು ಹೇಳಲೇಬೇಕು, ಅದು ಐರನ್ ಆಕ್ಸೈಡ್. ಕಂದು ಚರ್ಮದಲ್ಲಿ ಬಂಗನ್ನು ಕಣ್ಣಿಗೆ ಕಾಣುವ ಬೆಳಕೂ ಗಾಢಗೊಳಿಸುತ್ತದೆ. ಸಾಮಾನ್ಯ ಸನ್‌ಸ್ಕ್ರೀನ್ ಅದನ್ನು ತಡೆಯುವುದಿಲ್ಲ, ಐರನ್ ಆಕ್ಸೈಡ್ ಬೆರೆಸಿದ ಕಂದುಛಾಯೆಯ ಕ್ರೀಮು ತಡೆಯುತ್ತದೆ. ಝಿಂಕ್‌ನ ಬಿಳಿಯನ್ನು ಮರೆಸಿ ಮೈಬಣ್ಣಕ್ಕೆ ಹೊಂದಿಕೊಳ್ಳುವ ಅನುಕೂಲವೂ ಅದಕ್ಕಿದೆ. ಬಸುರಿನಲ್ಲಿ ಬಂಗು ಕಾಣಿಸಿಕೊಂಡ ಹೆಣ್ಣುಮಕ್ಕಳಿಗೆ, ಹಾಲುಣಿಸುವ ತಾಯಂದಿರಿಗೆ ಝಿಂಕ್ ಮತ್ತು ಐರನ್ ಆಕ್ಸೈಡ್ ಸೇರಿದ ಕ್ರೀಮಿಗಿಂತ ನಿಶ್ಚಿಂತೆಯ ಆಯ್ಕೆ ನನಗೆ ಕಾಣುವುದಿಲ್ಲ. ಆರು ತಿಂಗಳೊಳಗಿನ ಕೂಸಿಗೆ ಯಾವುದನ್ನೂ ಹಚ್ಚದೆ ನೆರಳಿನಲ್ಲಿಡಬೇಕು. ಅವುಗಳ ಚರ್ಮ ತೆಳು, ತೂಕಕ್ಕೆ ಹೋಲಿಸಿದರೆ ಮೈಯ ವಿಸ್ತಾರ ದೊಡ್ಡದು.

ಇಷ್ಟೆಲ್ಲ ತೂಗಿ ನೋಡುವಾಗ, ಪಟ್ಟಿಯಲ್ಲಿ ಬರೆದ ಪದಾರ್ಥಗಳಿಗಿಂತ ಬರೆಯದೆ ಸೇರಿಸಿದವು ಅಥವಾ ಜೊತೆಗೆ ಹಚ್ಚಿಕೊಂಡವು ಹೆಚ್ಚು ಕೇಡು ಮಾಡುತ್ತಿವೆ ಎಂಬುದನ್ನು ಮುಚ್ಚಿಡಲಾಗದು. ಬಿಸಿಲಿಗೆ ಕಪ್ಪಾದ ಮುಖವನ್ನು ಬೆಳ್ಳಗೆ ಮಾಡುತ್ತದೆ ಎಂದು ಮಾರುವ ಕೆಲವು ಕ್ರೀಮುಗಳಲ್ಲಿ ಪಾದರಸ ಇರುತ್ತದೆ, ಇನ್ನು ಕೆಲವುಗಳಲ್ಲಿ ಬೆಟಾಮೆಥಾಸೋನ್, ಕ್ಲೊಬೆಟಾಸೋಲ್‌ನಂಥ ಗಟ್ಟಿ ಸ್ಟೀರಾಯ್ಡ್. ಪಾದರಸವನ್ನು ಕಾಸ್ಮೆಟಿಕ್ಸ್ ನಿಯಮಗಳೇ ನಿಷೇಧಿಸಿವೆ. ಇಂಥ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು 2018ರಲ್ಲಿ ಕೇಂದ್ರ ಸರ್ಕಾರ ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿದೆ. ಆದರೂ ಮದುವೆ ನಿಶ್ಚಯವಾದ ಹುಡುಗಿಗೆ "ಇದನ್ನ ಒಂದ್ ತಿಂಗಳ ಹಚ್ಚವ್ವ" ಎಂದು ನೆರೆಮನೆಯವರೇ ಕೊಡುತ್ತಾರೆ. ಮೊದಲ ಕೆಲವು ವಾರ ಮುಖ ತಿಳಿಯಾಗುತ್ತದೆ, ಆಮೇಲೆ ಚರ್ಮ ತೆಳುವಾಗಿ ಕೆಂಪು ನರಗಳು ಕಾಣತೊಡಗುತ್ತವೆ, ಬಿಸಿಲು ತಾಗಿದರೆ ಉರಿಯುತ್ತದೆ. ಆ ಹಂತದಲ್ಲಿ ಎಂಥ ಒಳ್ಳೆಯ ಸನ್‌ಸ್ಕ್ರೀನ್ ಹಚ್ಚಿದರೂ ಚುರುಗುಟ್ಟುತ್ತದೆ, ಮತ್ತು ಆಕೆ ಸನ್‌ಸ್ಕ್ರೀನ್ ತನಗೆ ಆಗುವುದಿಲ್ಲ ಎಂದುಕೊಂಡು ಅದನ್ನು ಬಿಟ್ಟು ಸ್ಟೀರಾಯ್ಡನ್ನು ಮುಂದುವರಿಸುತ್ತಾಳೆ.

ಗಂಗಾವತಿಯ ಗದ್ದೆಗಳಲ್ಲಿ ನಾಟಿಗೆ ಇಳಿಯುವ ಹೆಣ್ಣುಮಕ್ಕಳು ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಟ್ಟು, ತಲೆಗೆ ಟವಲು ಬಿಗಿದು ಕೆಲಸ ಮಾಡುತ್ತಾರೆ. ಒತ್ತಾಗಿ ನೇಯ್ದ ಅಂಗಿ ಯಾವ ಕ್ರೀಮಿಗಿಂತಲೂ ಚೆನ್ನಾಗಿ ಕಿರಣವನ್ನು ತಡೆಯುತ್ತದೆ, ರಕ್ತಕ್ಕೆ ಏನನ್ನೂ ಸೇರಿಸುವುದಿಲ್ಲ, ಬೆವರಿಗೆ ತೊಳೆದುಹೋಗುವುದಿಲ್ಲ. ಕೂಲಿಯ ದುಡ್ಡಿನಲ್ಲಿ ನೂರಾರು ರೂಪಾಯಿಯ ಟ್ಯೂಬನ್ನು ತಿಂಗಳು ತಿಂಗಳು ಕೊಳ್ಳಿರೆಂದು ಅವರಿಗೆ ಹೇಳುವುದು ನ್ಯಾಯವಲ್ಲ. ಬಂಗು ಅಥವಾ ಬಿಸಿಲಿನ ಅಲರ್ಜಿ ಇದ್ದವರು ಮುಖಕ್ಕೂ ಮುಂಗೈಗೂ ಮಾತ್ರ ಝಿಂಕ್ ಕ್ರೀಮು ಹಚ್ಚಿದರೆ ಸಾಕು, ಮತ್ತು ಅಷ್ಟು ಸಣ್ಣ ಜಾಗಕ್ಕೆ ಬೇರೆ ಪದಾರ್ಥದ ಕ್ರೀಮೇ ಸಿಕ್ಕರೂ ಮೇಲೆ ಹೇಳಿದ ಹೊರೆಯ ಲೆಕ್ಕದಲ್ಲಿ ಅಂಜುವಂಥದ್ದೇನಿಲ್ಲ.

ಹೊಸ ಕ್ರೀಮನ್ನು ಮೊದಲೇ ಮುಖಕ್ಕೆ ಹಚ್ಚದೆ, ಮುಂಗೈಯ ಮೇಲ್ಭಾಗದಲ್ಲಿ ಒಂದು ರೂಪಾಯಿ ನಾಣ್ಯದಗಲ ಹಚ್ಚಿ, ಕೆಲವು ದಿನ ಎಂದಿನಂತೆ ಬಿಸಿಲಿನಲ್ಲಿ ಓಡಾಡಿ ನೋಡಬೇಕು. ಬಟ್ಟೆಯೊಳಗಿನ ಜಾಗಕ್ಕೆ ಹಚ್ಚಿ ನೋಡಿದರೆ ಬೆಳಕಿನ ಅಲರ್ಜಿ ಗೊತ್ತಾಗುವುದೇ ಇಲ್ಲ. ಕೆರೆತವೋ ಗುಳ್ಳೆಯೋ ಎದ್ದರೆ ತೊಳೆದು ನಿಲ್ಲಿಸಿ, ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಇರುವ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳ ಚರ್ಮರೋಗ ವಿಭಾಗಕ್ಕೆ ತೋರಿಸಬೇಕು. ಹೋಗುವಾಗ ಟ್ಯೂಬಿನ ಜೊತೆ ಅದರ ರಟ್ಟಿನ ಡಬ್ಬಿಯನ್ನೂ, ಮನೆಯಲ್ಲಿ ಹಚ್ಚುತ್ತಿರುವ ನೋವಿನ ಜೆಲ್ ಮತ್ತು ಬೇರೆ ಮುಲಾಮುಗಳನ್ನೂ ಒಯ್ಯಬೇಕು. ಯಾವ ಪದಾರ್ಥದಿಂದ ತೊಂದರೆಯಾಯಿತು ಎಂಬುದನ್ನು ವೈದ್ಯರು ಹುಡುಕಲು ಶುರುಮಾಡುವುದು ಆ ಪಟ್ಟಿಗಳಿಂದಲೇ.